ಎರಡನೇ ಭೇಟಿಗೆ ಹುಡುಗರೇ ಬರಲಿಲ್ಲ, 'ಡ್ರಾಪ್ ಔಟ್' ಅಂತ ಹಾಕಲಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಎಂಎಸ್‌ಡಬ್ಲ್ಯೂ ಮುಗಿಸಿ ಎಚ್.ಡಿ. ಕೋಟೆ ಕಡೆ ಒಂದು ಸಂಶೋಧನಾ ಪ್ರಾಜೆಕ್ಟಿಗೆ ಕೋಆರ್ಡಿನೇಟರ್ ಆಗಿ ಸೇರಿದ್ದೇನೆ. ಸಿಕಲ್ ಸೆಲ್ ಅನ್ನುವ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇರುವ 14ರಿಂದ 22 ವಯಸ್ಸಿನವರು, ಹೆಚ್ಚಿನವರು ಜೇನುಕುರುಬ ಬುಡಕಟ್ಟಿನ ಹಾಡಿಗಳವರು. ಮೂರು ತಿಂಗಳಿಗೊಮ್ಮೆ ಕರೆಸಿ ಶಾಲೆ, ಕೆಲಸ, ಮಾತ್ರೆ, ನೋವು ಎಲ್ಲ ವಿಚಾರಿಸಿ, ಬೇಕಾದ ಸಹಾಯ ಕೊಡಿಸಬೇಕು. ಮೊದಲ ಸಲ 28 ಜನ ಬಂದರು. ಜನವರಿಯಲ್ಲಿ ಬಂದದ್ದು 9. ಉಳಿದವರನ್ನು 'ಡ್ರಾಪ್ ಔಟ್' ಅಂತ ಹಾಕಿ ಹೊಸಬರನ್ನು ಸೇರಿಸಿ ಅಂತ ಮೇಲಿನವರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ (ಹದಿನೈದು ವರ್ಷದಿಂದ ಇದೇ ಕೆಲಸ): ಹಾಕಬೇಡಿ ಮೇಡಂ. ಜನವರಿ ಅಂದರೆ ಕೊಡಗಿನಲ್ಲಿ ಕಾಫಿ ಕೊಯ್ಲು, ಎಷ್ಟೋ ಮನೆಯವರು ಅಲ್ಲಿ ತೋಟದ ಕೂಲಿಯವರ ಲೈನ್ ಮನೆಗಳಲ್ಲಿರುತ್ತಾರೆ. ಮೇಲೆ ಚಳಿ ಬೇರೆ. ಚಳಿ, ಸಾಕಷ್ಟು ನೀರು ಕುಡಿಯದಿರುವುದು, ಜ್ವರ, ಮೈಮುರಿಯುವ ಕೆಲಸ, ನೋವು ಕೆರಳಿಸುವುದು ಇವೇ ಅಲ್ವಾ? ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳದಲ್ಲಿ ಸಿಕ್ಕಿಕೊಂಡು, ಮೂಳೆ ಮೂಳೆಯೂ ನೋಯುತ್ತಾ ಮಲಗಿರುವ ಹುಡುಗ ಬಸ್ ಹತ್ತಿ ನಿಮ್ಮ ಸಭೆಗೆ ಬರುವುದಿಲ್ಲ. ಅವನ ಹೆಸರು ಹೊಡೆದು ಹಾಕಿದರೆ ಏನಾಗುತ್ತದೆ ನೋಡಿ, ತೀರಾ ಕಷ್ಟದಲ್ಲಿರುವವರೇ ಪಟ್ಟಿಯಿಂದ ಹೊರಗೆ, ಓಡಾಡಿಕೊಂಡಿರುವವರು ಒಳಗೆ, ವರದಿಯಲ್ಲಿ ಎಲ್ಲ ಚೆಂದ. ನಾನೂ ಮೊದಲ ಪ್ರಾಜೆಕ್ಟಿನಲ್ಲಿ ಹೀಗೇ ಆರು ಹೆಸರು ಹೊಡೆದಿದ್ದೆ. ಅದರಲ್ಲಿ ಇಬ್ಬರು ಆಗ ಆಸ್ಪತ್ರೆಯಲ್ಲಿದ್ದರು.

ರಿಜಿಸ್ಟರಿನಲ್ಲಿ ಕಾರಣಕ್ಕೊಂದು ಕಾಲಂ ಮಾಡಿ: ಕೆಲಸಕ್ಕೆ ಹೋಗಿದ್ದಾರೆ, ನೋವು, ದುಡ್ಡಿಲ್ಲ, ಬೇಡ ಅಂದರು. ಕೊನೆಯದು ಮಾತ್ರ ನಿಜವಾದ ಬಿಡುವಿಕೆ. ಹಾಡಿಗೇ ಹೋಗಿ, ಆಶಾ ಕಾರ್ಯಕರ್ತೆಯನ್ನು ಕೇಳಿ. ಬೇಕಾದರೆ ಭೇಟಿಯ ತಿಂಗಳನ್ನೇ ಬದಲಿಸಿ, ಆದರೆ ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ತೆಗೆದುಕೊಂಡು. ಬಸ್ ಚಾರ್ಜು, ಹೋದ ಕೂಲಿ ಅದೇ ದಿನ ಕೈಗೆ ಕೊಡಿ. ಬಿಲ್ ಪಾಸಾಗಲಿ ಅಂತ ಎರಡು ತಿಂಗಳು ಕಾಯಿಸಿದರೆ ಮೂರನೇ ಸಭೆಗೆ ನೀವೊಬ್ಬರೇ ಇರುತ್ತೀರಿ.

ಪ್ರಶ್ನೆ: ಸರಿ ಸರ್. ಆಶ್ರಮ ಶಾಲೆಯಲ್ಲಿರುವ ಮಕ್ಕಳನ್ನು ಅಧ್ಯಯನಕ್ಕೆ ಸೇರಿಸಲು ಒಪ್ಪಿಗೆ ಪತ್ರಕ್ಕೆ ವಾರ್ಡನ್ ಸಹಿ ಸಾಕಾ? ಇಬ್ಬರಿಗೆ ಈಗ 18 ತುಂಬಿತು.

ಉತ್ತರ: ಸಾಲದು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ 18ರ ಒಳಗಿನವರಿಗೆ ಅಪ್ಪ ಅಮ್ಮನ ಒಪ್ಪಿಗೆಯೂ ಬೇಕು, ಮಗುವಿನದೂ ಬೇಕು. 18 ತುಂಬಿದವರ ಹತ್ತಿರ ಅವರದೇ ಒಪ್ಪಿಗೆ ಹೊಸದಾಗಿ ತೆಗೆದುಕೊಳ್ಳಿ. ಇನ್ನೊಂದು, ಜೀಪಿನ ಮೇಲೆ, ಬ್ಯಾನರಿನ ಮೇಲೆ 'ಸಿಕಲ್ ಸೆಲ್' ಅಂತ ದಪ್ಪಕ್ಷರದಲ್ಲಿ ಬರೆಸಬೇಡಿ. ನಿಮ್ಮ ಗಾಡಿ ಯಾವ ಮನೆ ಮುಂದೆ ನಿಂತಿತು ಅಂತ ಊರೆಲ್ಲ ನೋಡುತ್ತದೆ, ಆ ಮನೆಯ ಹುಡುಗಿಯ ಮದುವೆ ಮಾತು ಅಲ್ಲಿಗೇ ನಿಂತರೆ ಹೊಣೆ ಯಾರು? ಈ ಕಾಯಿಲೆಯ ಜೀನ್ ಅಪ್ಪ ಅಮ್ಮನಲ್ಲಿ ಒಬ್ಬರ ಕಡೆಯಿಂದ ಮಾತ್ರ ಬಂದಿದ್ದರೆ ಅವರು ವಾಹಕರು ಅಷ್ಟೇ, ರೋಗಿ ಅಲ್ಲ. ಇದನ್ನು ಎಷ್ಟೋ ಸಲ ನಮ್ಮ ಸಿಬ್ಬಂದಿಯೇ ಕಲಸುಮೇಲೋಗರ ಮಾಡುತ್ತಾರೆ.

ಮತ್ತೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸಿಕಲ್ ಸೆಲ್ ಇದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಿ, ಸುಮ್ನೆ ಫಾರಂ ತುಂಬಿಸಿ ಕಳಿಸುವ ಪ್ರಾಜೆಕ್ಟ್ ಆಗುವುದು ಬೇಡ.

ಇನ್ನೊಬ್ಬರು: ನಾನು ಸಿಕಲ್ ಸೆಲ್ ಇರುವವನು, 20 ವರ್ಷ. ಇಂಥ ಮೂರು ಅಧ್ಯಯನಗಳಲ್ಲಿ ಕೂತಿದ್ದೇನೆ. ಎಲ್ಲರೂ 'ದಿನಕ್ಕೆ ಎಷ್ಟು ಲೋಟ ನೀರು ಕುಡೀತೀಯಾ' ಅಂತ ಕೇಳುತ್ತಾರೆ. ನಮಗೆ ಮೂತ್ರ ಜಾಸ್ತಿ, ಕ್ಲಾಸಿನಲ್ಲಿ ಪದೇ ಪದೇ ಎದ್ದು ಹೋದರೆ ಮೇಷ್ಟ್ರು ಬೈಯುತ್ತಿದ್ದರು, ಅದಕ್ಕೇ ನೀರೇ ಕುಡಿಯುತ್ತಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ.

ಉತ್ತರ: ಮೇಡಂ, ಮುಂದಿನ ಪ್ರಶ್ನಾವಳಿ ಬರೆಯುವಾಗ ನಿಮ್ಮ ಆ 28 ಜನರಲ್ಲೇ ಇಬ್ಬರು ಮೂವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಗೌರವಧನ ಕೊಟ್ಟು. ಬಜೆಟ್ಟಿನಲ್ಲಿ ಅದಕ್ಕೆ ಜಾಗ ಇಲ್ಲ ಅಂದರೆ ಬ್ಯಾನರಿನ ದುಡ್ಡು ಉಳಿಯಿತಲ್ಲ!

ಪ್ರಶ್ನೆ: ಹೌದು ಸರ್. ನಾಳೆ ಮೊದಲು ಕುಶಾಲನಗರದ ಬಸ್ ಹತ್ತುತ್ತೇನೆ, ನಾಲ್ಕು ಜನ ಅಲ್ಲೇ ತೋಟದಲ್ಲಿದ್ದಾರಂತೆ.