ಬಿ.ಕಾಂ ಸೇರಿಸಲೋ, ಬಿಬಿಎ ಸೇರಿಸಲೋ? ಓದಿದವರು ಅನುಭವ ಹೇಳಿ

ನವನಗರ, ಬಾಗಲಕೋಟೆ: ತಂಗಿ ಪಿಯುಸಿ ಕಾಮರ್ಸ್‌ನಲ್ಲಿ 86 ಪರ್ಸೆಂಟ್ ತೆಗೆದಿದ್ದಾಳೆ. ಗಣಿತ ಇರಲಿಲ್ಲ. ಅಕೌಂಟ್ಸ್ ಅಂದ್ರೆ ಪ್ರಾಣ. ಬಿ.ಕಾಂ ಸಾಕು ಅಂತ ಅಪ್ಪ, ಬಿಬಿಎ ಮಾಡಿ ಫೈನಾನ್ಸ್ ತಗೋತೀನಿ ಅಂತ ಅವಳು. ಸಿಎ ಆಸೆಯೂ ಇದೆ. ವರ್ಷಕ್ಕೆ 40 ಸಾವಿರದ ಮೇಲೆ ನಮಗೆ ಆಗಲ್ಲ.

ಟಿಳಕವಾಡಿ, ಬೆಳಗಾವಿ: ನಾನು ಬಿಬಿಎ, ಕೊನೆಯ ವರ್ಷ ಮಾರ್ಕೆಟಿಂಗ್. ಖರ್ಚೆಲ್ಲ ಇನ್ನೂ ಬಾಯಿಪಾಠ ಇದೆ. ಮೊದಲ ವರ್ಷದ ಫೀ 38,000. ರೂಮಿಗೆ ತಿಂಗಳಿಗೆ 3,500, ಖಾನಾವಳಿಗೆ 2,800. ಬ್ಲೇಜರ್ 2,400, ಮೂರು ವರ್ಷದಲ್ಲಿ ಹಾಕಿಕೊಂಡಿದ್ದು ಐದೇ ಸಲ. ಇಂಡಸ್ಟ್ರಿಯಲ್ ವಿಸಿಟ್ ಅಂತ ಗೋವಾಕ್ಕೆ 6,500. ಫ್ಯಾಕ್ಟರಿ ಒಳಗೆ ಇದ್ದದ್ದು ಒಂದೂವರೆ ತಾಸು. ಪ್ರಾಜೆಕ್ಟ್ ರಿಪೋರ್ಟ್ ಎರಡು ಸಲ ವಾಪಸ್ ಬಂತು, ಬೈಂಡಿಂಗಿಗೇ 1,800 ಹೋಯಿತು. ಇಷ್ಟೆಲ್ಲ ಆಗಿ ಸಿಕ್ಕಿದ್ದು ಒಂದು ಸಾಲದ ಕಂಪನಿಯಲ್ಲಿ ವಸೂಲಿ ಕೆಲಸ. ಪಗಾರ 14,000, ಪೆಟ್ರೋಲ್ ನಮ್ಮದೇ. ಬೆಳಿಗ್ಗೆ ಏಳಕ್ಕೆ ಹುಕ್ಕೇರಿ ಕಡೆ ಹಳ್ಳಿಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಕ್ಕಳನ್ನು ಹೊರಗೆ ಕರೆದು ಕಂತು ಕೇಳಬೇಕು. ಫೈನಾನ್ಸ್ ತಗೊಂಡ ಗೆಳೆಯ, ಎಚ್‌ಆರ್ ತಗೊಂಡವನು, ನಾನು, ಮೂವರಿಗೂ ಅದೇ ಕೆಲಸ. ಎಂಟು ತಿಂಗಳಿಗೆ ಬಿಟ್ಟೆ. ಈಗ ಉದ್ಯಮಬಾಗದಲ್ಲಿ ಫೌಂಡ್ರಿಗೆ ಆರ್ಡರ್ ತರುತ್ತೇನೆ, ಕೊಲ್ಲಾಪುರ, ಪುಣೆ ತಿರುಗುತ್ತೇನೆ. ಓದಿದ್ದು ಉಪಯೋಗಕ್ಕೆ ಬಂದಿದ್ದು ಇಲ್ಲಿ.

ಮುಧೋಳ: ಬಿ.ಕಾಂ ಮಾಡಿಸಿ. ನನ್ನ ಮೂರು ವರ್ಷದ ಫೀ ಈ ಬೆಳಗಾವಿಯವರ ಒಂದು ವರ್ಷದ ಫೀ ಅಷ್ಟೂ ಆಗಲಿಲ್ಲ. ಜೊತೆಗೆ ಟ್ಯಾಲಿ, ಅಂದ್ರೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯೋದು ಕಲಿತೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು, ಅಲ್ಲಿಂದ ಕೈ ಖಾಲಿ ಇಲ್ಲ. 20ನೇ ತಾರೀಕಿಗೆ 3ಬಿ, ಅಂದ್ರೆ ತಿಂಗಳ ಜಿಎಸ್‌ಟಿ ಲೆಕ್ಕದ ಫಾರ್ಮ್, ತುಂಬಬೇಕು. 19ರ ರಾತ್ರಿ ಒಂಬತ್ತಕ್ಕೆ ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಕ್ಯಾರಿಬ್ಯಾಗ್ ತುಂಬ ಬಿಲ್ಲು ತರುತ್ತಾರೆ. ಬೆಲ್ಲದ ಜಿಗುಟಿಗೆ ಒಂದಕ್ಕೊಂದು ಅಂಟಿರುತ್ತವೆ, ಬಿಡಿಸುವಾಗ ನಂಬರೇ ಹರಿದು ಹೋಗುತ್ತೆ. ಬಿಡಿ ಬೆಲ್ಲಕ್ಕೆ ಟ್ಯಾಕ್ಸ್ ಇಲ್ಲ, ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿದರೆ 5 ಪರ್ಸೆಂಟ್. ಎರಡನ್ನೂ ಬೇರೆ ಮಾಡುವಷ್ಟರಲ್ಲಿ ರಾತ್ರಿ ಎರಡು. ಆದ್ರೂ ಯಾರ ಮನೆ ಮುಂದೆಯೂ ಹೋಗಿ ನಿಂತಿಲ್ಲ.

ಟಿಳಕವಾಡಿ, ಬೆಳಗಾವಿ: ಕೊನೆಯ ಮಾತು ನನಗೇ ಅಲ್ವಾ? ಬಿಲ್ ಹೊಡೆಯಲು ಮೂರು ವರ್ಷದ ಡಿಗ್ರಿ ಯಾಕೆ ಬೇಕು ಸರ್? ಮೂರು ತಿಂಗಳ ಟ್ಯಾಲಿ ಕ್ಲಾಸ್ ಸಾಕು.

ಮುಧೋಳ: ಬಿಲ್ ಹೊಡೆಯೋದು ಬೇರೆ, ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ಟ್ಯಾಕ್ಸಿನ ವಜಾ) ಹೊಂದಿಸೋದು ಬೇರೆ. ನೋಟಿಸ್ ಬಂದಾಗ ನಿಮ್ಮ ಫೌಂಡ್ರಿಯವರೂ ನಮ್ಮಂಥವರ ಹತ್ತಿರಾನೇ ಓಡಿ ಬರ್ತಾರೆ.

ಜಮಖಂಡಿ: ನಮ್ಮ ಬ್ಯಾಚಿನ ಗೋಳು ಕೇಳಿ. ನಾವು 2021ರಲ್ಲಿ ಸೇರಿದವರು, ಹೊಸ ಶಿಕ್ಷಣ ನೀತಿಯ ಮೊದಲ ಬ್ಯಾಚ್. ನಾಲ್ಕನೇ ವರ್ಷ ಆನರ್ಸ್ ಇದೆ ಅಂದರು. ಓಪನ್ ಇಲೆಕ್ಟಿವ್ ಅಂತ ಬೇಡದ ಪೇಪರ್ ಓದಿದೆ. 2024ರಲ್ಲಿ ಸೇರಿದವರಿಗೆ ಮತ್ತೆ ಮೂರೇ ವರ್ಷ. ನಾಲ್ಕನೇ ವರ್ಷಕ್ಕೆ ಅಂತ ಅವ್ವ ಎತ್ತಿಟ್ಟಿದ್ದ ರೊಕ್ಕದಲ್ಲಿ ಬ್ಯಾಂಕ್ ಪರೀಕ್ಷೆ ಕೋಚಿಂಗಿಗೆ ಧಾರವಾಡಕ್ಕೆ ಹೋದೆ. ಆ ಪರೀಕ್ಷೆಗೆ ಯಾವ ಡಿಗ್ರಿಯಾದ್ರೂ ನಡೆಯುತ್ತೆ. ಬಿಎ ಓದಿದವರೂ ನನ್ನ ಪಕ್ಕದಲ್ಲೇ ಕೂತಿದ್ದರು.

ವಿಜಯಪುರ: ಸಿಎ ಆಸೆ ಇದೆ ಅಂತ ಬರೆದಿದ್ದಾರೆ, ಯಾರೂ ಓದಿಲ್ಲ. ಬಿ.ಕಾಂ ಜೊತೆ ಸಿಎ ಹಿಡಿದವನು ನಾನು. ಸಿಎ ಮೊದಲ ಪರೀಕ್ಷೆ ಫೌಂಡೇಶನ್‌ನಲ್ಲಿ ನಾಲ್ಕು ಪೇಪರ್. ಪ್ರತಿಯೊಂದರಲ್ಲೂ 40, ಒಟ್ಟು 50 ಪರ್ಸೆಂಟ್ ಬೇಕು. ಮೊದಲ ಸಲ ಗಣಿತ ಇರುವ ಮೂರನೇ ಪೇಪರಿನಲ್ಲಿ 38 ಬಂತು. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ, ಅದರಲ್ಲೇ ಹೋಯಿತು. ಆಮೇಲೆ ಬೆಳಗಾವಿಯಲ್ಲಿ ಮೂರು ವರ್ಷ ಆರ್ಟಿಕಲ್‌ಶಿಪ್ (ಸಿಎ ಆಫೀಸಿನಲ್ಲಿ ತರಬೇತಿ) ಮಾಡಿದೆ, ಮೊದಲ ವರ್ಷ ತಿಂಗಳಿಗೆ 3,000 ಕೊಟ್ಟರು. 2023ರ ಹೊಸ ನಿಯಮದಲ್ಲಿ ಎರಡೇ ವರ್ಷ, ಈಗಿನವರು ಪುಣ್ಯವಂತರು. ಫೈನಲ್ ಒಂದು ಗ್ರೂಪ್ ಬಾಕಿ ಇದೆ, ಬಿಡಲ್ಲ. ಆಮೇಲೆ ಇನ್ನೊಂದು ಮಾತು, 2,800ಕ್ಕೆ ಬೆಳಗಾವಿಯಲ್ಲಿ ಯಾವ ಖಾನಾವಳಿ ಇದೆ? ನಾನು 3,600 ಕೊಟ್ಟಿದ್ದೇನೆ, ಭಾನುವಾರ ರಾತ್ರಿ ಊಟ ಇಲ್ಲ.

ಟಿಳಕವಾಡಿ, ಬೆಳಗಾವಿ: 2018ರ ರೇಟ್ ಅದು. ಸುಮ್ನೆ ಸುಳ್ಳು ಹೇಳಿ ನನಗೇನು ಬರಬೇಕು? ರೊಟ್ಟಿ ಎರಡೇ, ಮೂರನೇದಕ್ಕೆ ಬೇರೆ ರೊಕ್ಕ.

ಜಮಖಂಡಿ: ಧಾರವಾಡದಲ್ಲಿ ರೊಟ್ಟಿಗೆ ಲೆಕ್ಕ ಇಡಲ್ಲ.

ವಿಜಯಪುರ: ಯಾವ ಓಣಿಯಲ್ಲಿ? ನಾನೂ ಇದ್ದು ಬಂದಿದ್ದೇನೆ, ಪಲ್ಯ ನೀರು ನೀರು.

ನವನಗರ, ಬಾಗಲಕೋಟೆ: ಅಣ್ಣಾ, ತಂಗಿ ಮನೆಯಿಂದಲೇ ಹೋಗಿ ಬರುತ್ತಾಳೆ, ಖಾನಾವಳಿ ಬೇಡ. ಗಣಿತ ಇಲ್ಲದವರಿಗೆ ಆ ಮೂರನೇ ಪೇಪರ್ ಆಗುತ್ತಾ? ಸೋಮವಾರ ಅರ್ಜಿ ಕೊಡಬೇಕು.

ವಿಜಯಪುರ: ನನಗೂ ಗಣಿತ ಇರಲಿಲ್ಲ ತಮ್ಮಾ. ಅದರಲ್ಲಿ ಗಣಿತ 40 ಅಂಕ, ಲಾಜಿಕಲ್ ರೀಸನಿಂಗ್ 20, ಸ್ಟ್ಯಾಟಿಸ್ಟಿಕ್ಸ್ 40. ಎರಡನೇ ಸಲ ಗಣಿತದಲ್ಲಿ ಬಡ್ಡಿ ಲೆಕ್ಕ ಮಾತ್ರ ಗಟ್ಟಿ ಮಾಡಿಕೊಂಡೆ, ಉಳಿದದ್ದು ಸ್ಟ್ಯಾಟಿಸ್ಟಿಕ್ಸ್ ಮೇಲೆ ತೆಗೆದೆ. 57 ಬಂತು. ತಂಗಿಗೆ ಪಿಯುಸಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಇತ್ತಾ, ಮೊದಲು ಅದನ್ನ ಹೇಳು.