‘ಔಷಧ ನಿರೋಧಕ’: ಇಲ್ಲಿ ನಿರೋಧಿಸುವವರು ಯಾರು?

ಪ್ರಶ್ನೆ: ಸೋಮವಾರಪೇಟೆ ಕಡೆಯ ತೋಟದ ಲೈನ್‌ಮನೆಗಳಲ್ಲಿ ಹಂಚಲು ಒಂದು ಕರಪತ್ರ ಸಿದ್ಧವಾಗುತ್ತಿದೆ. ಅದರಲ್ಲಿ ‘ಔಷಧ ನಿರೋಧಕ ಸೋಂಕು’, ‘ಪ್ರತಿಜೀವಕ’, ‘ಮೀಸಲು ಔಷಧ’ ಎಂಬ ಪದಗಳಿವೆ. ಓದಿದವರಿಗೆ ತಿಳಿಯುತ್ತವೆಯೇ? ಇದಕ್ಕಿಂತ ಒಳ್ಳೆಯ ಪದಗಳಿದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಮೂರರಲ್ಲಿ ಮೊದಲನೆಯದನ್ನು ಖಂಡಿತ ಬದಲಿಸಿ. ‘ನಿರೋಧಕ’ ಅಂದ ಕೂಡಲೇ ಜನರಿಗೆ ನೆನಪಾಗುವುದು ‘ರೋಗನಿರೋಧಕ ಶಕ್ತಿ’. ಅದು ಮೈಯ ಗುಣ, ಒಳ್ಳೆಯ ಗುಣ. ಹಾಗಾಗಿ ‘ಔಷಧ ನಿರೋಧಕ’ ಎಂದು ಓದಿದವರು ‘ಮಾತ್ರೆ ತಿಂದೂ ತಿಂದೂ ಮೈಗೆ ಒಗ್ಗಿಹೋಗಿದೆ’ ಎಂದುಕೊಳ್ಳುತ್ತಾರೆ. ಬದಲಾಗಿರುವುದು ಮೈಯಲ್ಲ, ಬ್ಯಾಕ್ಟೀರಿಯಾ. ಅದು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ ತಯಾರಿಸಿ ಪೆನಿಸಿಲಿನ್ ಜಾತಿಯ ಔಷಧದ ಅಣುವಿನಲ್ಲಿರುವ ಉಂಗುರವನ್ನೇ ಮುರಿಯುತ್ತದೆ, ಇಲ್ಲವೇ ಒಳಗೆ ಬಂದ ಔಷಧವನ್ನು ಹೊರಕ್ಕೆ ತಳ್ಳುತ್ತದೆ. ಈ ಕೆಲಸ ಮಾಡಿಸುವ ಜೀನನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಆ ಮಾತ್ರೆಯನ್ನು ಎಂದೂ ನುಂಗದ ಕೂಸಿಗೂ ಇದೇ ಸೋಂಕು ತಗಲುವುದು ಈ ಕಾರಣಕ್ಕೆ. ‘ಮೈ ಒಗ್ಗಿದೆ’ ಎಂದು ನಂಬಿದವರಿಗೆ ಇದು ಹೊಳೆಯುವುದೇ ಇಲ್ಲ. ‘ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾ’ ಎಂದು ಬರೆಯಿರಿ, ಮಣಿಯದಿರುವುದು ಯಾವುದು ಎನ್ನುವುದು ಸ್ಪಷ್ಟವಾಗುತ್ತದೆ.

‘ಮದ್ದಿಗೆ ಮಣಿಯದ’ ಎಂದರೆ ಕಿವಿಗೆ ಇನ್ನೂ ಚೆಂದ. ಆದರೆ ಕೊಡಗಿನಲ್ಲಿ ಮದ್ದು ಅಂದರೆ ಕೊಡವರ ಕಕ್ಕಡ ತಿಂಗಳ 18ರಂದು ಪಾಯಸ ಮಾಡುವ ಮದ್ದು ಸೊಪ್ಪೂ ಹೌದು, ಕಾಫಿ ಗಿಡಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣವೂ ಹೌದು. ಕರಪತ್ರದಲ್ಲಿ ಆ ಗೊಂದಲ ಬೇಡ. ‘ಮದ್ದು ನಾಟಲಿಲ್ಲ’ ಎಂಬ ರೂಢಿಯ ಮಾತೂ ಇಲ್ಲಿಗೆ ಹೊಂದುವುದಿಲ್ಲ. ವೈರಸ್ ಜ್ವರವಾಗಿದ್ದರೂ ನಾಟುವುದಿಲ್ಲ. ಕುರುವಿನೊಳಗೆ ಕೀವು ತುಂಬಿ, ಅದನ್ನು ಕೊಯ್ದು ತೆಗೆಯದಿದ್ದರೂ ನಾಟುವುದಿಲ್ಲ. ಅಲ್ಲಿ ಬ್ಯಾಕ್ಟೀರಿಯಾ ಔಷಧಕ್ಕೆ ಮಣಿಯುವಂಥದ್ದೇ ಇರಬಹುದು, ಔಷಧ ಸಾಕಷ್ಟು ತಲುಪಿರುವುದಿಲ್ಲ ಅಷ್ಟೆ.

‘ಪ್ರತಿಜೀವಕ’ ಪಠ್ಯಪುಸ್ತಕದಲ್ಲಿ ಇರಲಿ. ‘ಪ್ರತಿಜನಕ’ (ಆಂಟಿಜೆನ್), ‘ಪ್ರತಿಕಾಯ’ (ಆಂಟಿಬಾಡಿ)ಗಳ ಜೊತೆ ಅದು ಕಲಸಿಹೋಗುತ್ತದೆ, ಒಂದಕ್ಷರ ತಪ್ಪಿದರೆ ಅರ್ಥವೇ ಬೇರೆ. ‘ಆಂಟಿಬಯೋಟಿಕ್’ ಎಲ್ಲರಿಗೂ ಗೊತ್ತು.

ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಮಣಿಯುತ್ತದೆ ಎಂದು ಲ್ಯಾಬ್ ಪರೀಕ್ಷಿಸಿ ಕೊಡುವ ಕಲ್ಚರ್ ವರದಿಯನ್ನೂ ವಿವರಿಸುವುದಾದರೆ ‘ಎಸ್’ಗೆ ‘ಮಣಿಯುತ್ತದೆ’, ‘ಆರ್’ಗೆ ‘ಮಣಿಯುವುದಿಲ್ಲ’ ಎಂದರೆ ಸಾಕು. ತೊಡಕಿರುವುದು ‘ಐ’ನಲ್ಲಿ. ಅದನ್ನು ‘ಮಧ್ಯಮ’ ಎಂದು ಬರೆದರೆ ‘ಅರ್ಧಂಬರ್ಧ ಕೆಲಸ ಮಾಡುವ ಔಷಧ’ ಎಂದು ಕೇಳಿಸುತ್ತದೆ. ಯುರೋಪಿನ ಮಾನದಂಡದಲ್ಲಿ 2019ರಿಂದ ಅದರ ಅರ್ಥ ‘ಡೋಸ್ ಹೆಚ್ಚಿದರೆ ಮಣಿಯುತ್ತದೆ’. ಅಮೆರಿಕದ ಮಾನದಂಡದಲ್ಲಿ ಈಗಲೂ ‘ನಡುವಿನದು’. ಲ್ಯಾಬ್ ಯಾವುದನ್ನು ಅನುಸರಿಸುತ್ತದೆ ಎಂದು ಕೇಳಿಕೊಂಡೇ ಅನುವಾದಿಸಿ.

ಪಕ್ಕದಲ್ಲಿರುವ ಎಂಐಸಿ ಅಂಕಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಅತಿ ಕಡಿಮೆ ಪ್ರಮಾಣ, ಪ್ರತಿ ಮಿಲಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂಬ ಲೆಕ್ಕ. ಚಿಕ್ಕ ಅಂಕಿ ಇರುವ ಔಷಧವೇ ಒಳ್ಳೆಯದು ಎಂದು ಬಹಳ ಜನ ತಿಳಿಯುತ್ತಾರೆ, ಅದು ತಪ್ಪು. ಮೂತ್ರದ ಸೋಂಕು ತರುವ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ, ಅಮೆರಿಕದ ಮಾನದಂಡದಂತೆ, ನೈಟ್ರೋಫ್ಯುರಾಂಟೊಯಿನ್ 32 ಇದ್ದರೂ ‘ಎಸ್’; ಸಿಪ್ರೋಫ್ಲಾಕ್ಸಾಸಿನ್ 1 ಇದ್ದರೇ ‘ಆರ್’. ಒಂದು ಔಷಧದ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವಂತಿಲ್ಲ. ಈ ಒಂದು ಸಾಲು ಕರಪತ್ರದಲ್ಲಿ ಇರಲೇಬೇಕು.

‘ಮೀಸಲು’ ಮಾತ್ರ ಬದಲಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿತು. ಬೇರೆ ಔಷಧಗಳು ಕೆಲಸ ಮಾಡದಾಗ ಮಾತ್ರ ಬಳಸಬೇಕಾದ ಕೊಲಿಸ್ಟಿನ್, ಲಿನೆಝೋಲಿಡ್ ಇರುವ ಕೊನೆಯ ಗುಂಪಿಗೆ ಇದಕ್ಕಿಂತ ತಕ್ಕ ಪದವಿಲ್ಲ. ಮೀಸಲು ಅರಣ್ಯದ ಅಂಚಿನಲ್ಲಿ ಬದುಕುವವರಿಗೆ, ಅಪ್ಪಣೆಯಿಲ್ಲದೆ ಕಾಲಿಡಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ. ಕೋಳಿ, ಹಂದಿ ಸಾಕುವ ಮನೆಗಳಿಗೂ ಕರಪತ್ರ ಹೋಗುವುದಾದರೆ, ಆಹಾರಕ್ಕೆ ಸಾಕುವ ಪ್ರಾಣಿಗಳಿಗೆಂದು ಕೊಲಿಸ್ಟಿನ್ ತಯಾರಿಸುವುದನ್ನು, ಮಾರುವುದನ್ನು ಭಾರತದಲ್ಲಿ 2019ರಲ್ಲೇ ನಿಷೇಧಿಸಲಾಗಿದೆ ಎಂದು ಸೇರಿಸಿ.

ಮಾದರಿ ವಾಕ್ಯ: ‘ನಿಮ್ಮ ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಈ ಮಾತ್ರೆಗೆ ಮಣಿಯುವುದಿಲ್ಲ. ಡಾಕ್ಟರು ವರದಿ ನೋಡಿ ಬೇರೆ ಮಾತ್ರೆ ಬರೆದುಕೊಡುತ್ತಾರೆ.’