ಓಕುಳಿಯನ್ನು ಹಚ್ಚುತ್ತಾರೋ, ಎರಚುತ್ತಾರೋ?

ಪ್ರಶ್ನೆ: ಕಾಮನ ಹುಣ್ಣಿಮೆಯ ಸುದ್ದಿಗಳಲ್ಲಿ ‘ಕೆನ್ನೆಗೆ ಓಕುಳಿ ಹಚ್ಚಿ ಸಂಭ್ರಮಿಸಿದರು’ ಎಂಬ ಪ್ರಯೋಗ ಪದೇ ಪದೇ ಕಾಣುತ್ತದೆ. ಓಕುಳಿ ಎಂದರೆ ಬಣ್ಣದ ಪುಡಿಯೇ? ಬಲ್ಲವರು ತಿಳಿಸಬೇಕು.

ಉತ್ತರ: ಮಾನ್ಯರೇ, ಓಕುಳಿ ಎಂದರೆ ನೀರು. ಅರಿಸಿನಕ್ಕೆ ಸುಣ್ಣ ಬೆರೆಸಿದಾಗ ಕೆಂಪೇರುವ ನೀರು. ಆದ್ದರಿಂದ ಓಕುಳಿ ಎರಚು, ಚೆಲ್ಲು, ಹೊಯ್ಯಿ, ಆಡು ಎನ್ನಬೇಕು. ಹಚ್ಚುವುದು ಗುಲಾಲನ್ನು. ಮದುವೆಮನೆಯಲ್ಲಿ ವಧೂವರರಿಗೆ ಎತ್ತುವ ಕೆಂಪಾರತಿಯ ತಟ್ಟೆಯಲ್ಲಿರುವುದೂ ಇದೇ ನೀರು. ತೆಲುಗಿನವರು ಈ ನೀರನ್ನೇ ‘ವಸಂತ’ ಎನ್ನುತ್ತಾರೆ. ಋತುವಿನ ಹೆಸರೇ ನೀರಿಗೆ ಬಂದಿದೆ.

ನೀರು ಮತ್ತು ಪುಡಿಯ ಈ ಭೇದ ಹಳೆಯದು. ಏಳನೆಯ ಶತಮಾನದ ಹರ್ಷನ ‘ರತ್ನಾವಳಿ’ ನಾಟಕ ಶುರುವಾಗುವುದೇ ಮದನೋತ್ಸವದಿಂದ. ಅಲ್ಲಿ ಗಾಳಿಗೆ ತೂರುವ ಪರಿಮಳದ ಪುಡಿ ‘ಪಿಷ್ಟಾತಕ’, ನೀರು ಚಿಮ್ಮಿಸುವ ಕೊಳವೆ ‘ಶೃಂಗಕ’. ರಾಣಿ ವಾಸವದತ್ತೆ ಅಶೋಕ ಮರದ ಬುಡದಲ್ಲಿ ಕಾಮನನ್ನು ಪೂಜಿಸುತ್ತಾಳೆ. ಶೃಂಗಕಕ್ಕೆ ನಮ್ಮಲ್ಲಿ ‘ಜೀರ್ಕೊಳವಿ’ ಎಂಬ ಸೊಗಸಾದ ಮಾತಿದೆ. ಪಿಚಕಾರಿಯ ಮುಂದೆ ಅದು ಮರೆಯಾಗಬಾರದು. ಹದಿನೈದನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಇಟಲಿಯ ಪ್ರವಾಸಿ ನಿಕೊಲೊ ಕೊಂಟಿ, ಮೂರು ದಿನದ ಹಬ್ಬದಲ್ಲಿ ದಾರಿಹೋಕರ ಮೇಲೂ ರಾಜ ರಾಣಿಯರ ಮೇಲೂ ಕೇಸರಿ ನೀರು ಚೆಲ್ಲುತ್ತಿದ್ದರೆಂದು ಹೇಳಿದ್ದಾನೆ.

ಪದದ ಅರ್ಥ ಕಣ್ಣಿಗೇ ಕಾಣಬೇಕಾದರೆ ಓಕುಳಿ ಕದಡಿಯೇ ನೋಡಬೇಕು. ಎಲೆಗೆ ಹಚ್ಚುವ ಸುಣ್ಣ ಅಡಿಕೆ ಗಾತ್ರದಷ್ಟು ತೆಗೆದು ಒಂದು ಚೊಂಬು ನೀರಿಗೆ ಹಾಕಿ ಕಲಕಿ, ಅರ್ಧ ಗಂಟೆ ಬಿಡಿ. ಬಕೆಟ್ಟಿಗೆ ಎರಡು ದೊಡ್ಡ ಚಮಚ ಅರಿಸಿನವನ್ನು ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಸೇರಿಸಿ. ಮೇಲೆ ನಿಂತ ಸುಣ್ಣದ ತಿಳಿಯನ್ನು ಮಾತ್ರ ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಬಗ್ಗಿಸಿ. ಹಳದಿ ಕಿತ್ತಳೆಯಾಗಿ, ಕಿತ್ತಳೆ ಕೆಂಪಾದೊಡನೆ ನಿಲ್ಲಿಸಬೇಕು. ಹೆಚ್ಚು ಸುಣ್ಣ ಬಿದ್ದರೆ ಮೈ ಉರಿಯುತ್ತದೆ. ತಳದ ಗಸಿ ಕಣ್ಣಿಗೆ ಬಿದ್ದರೆ ಅಪಾಯ, ಹಾಗಾಗಿ ಮುಖಕ್ಕೆ ಎರಚುವುದು ಬೇಡವೇ ಬೇಡ. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ. ಹಿಂದಿನ ರಾತ್ರಿಯೇ ಕದಡಿಟ್ಟರೆ ಬೆಳಗ್ಗೆ ಮಂಕು ಕಂದು ನೀರು ಸಿಗುತ್ತದೆ, ಏಕೆಂದರೆ ಅರಿಸಿನದ ಬಣ್ಣ ಕ್ಷಾರದಲ್ಲಿ ಬೇಗ ಒಡೆದುಹೋಗುತ್ತದೆ. ನಿಂಬೆರಸ ಹಿಂಡಿದರೆ ಕೆಂಪು ಮತ್ತೆ ಹಳದಿ. ಅರಿಸಿನದ ಕಲೆಗೆ ಸೋಪು ತಿಕ್ಕಿದಾಗ ಬಟ್ಟೆ ಕೆಂಪಾಗುವುದೂ ಸುಣ್ಣದಂತೆ ಸೋಪೂ ಕ್ಷಾರವಾದ್ದರಿಂದಲೇ. ಮುತ್ತುಗದ ಹೂ ನೆನೆಸಿದ ಕಿತ್ತಳೆ ನೀರನ್ನೂ ಹುಣ್ಣಿಮೆಯಂದು ಎರಚುವುದುಂಟು.

ಇನ್ನು ಓಕುಳಿ ಎಂದೊಡನೆ ಹೋಳಿ ಎಂದುಕೊಳ್ಳುವುದೂ ತಪ್ಪು. ಕರಾವಳಿಯ ದೇವಸ್ಥಾನಗಳಲ್ಲಿ ರಥೋತ್ಸವ ಮುಗಿದ ಮೇಲೆ ಓಕುಳಿಯಿದೆ. ಬಾಗಲಕೋಟೆ, ವಿಜಯಪುರದ ಕಡೆ ಬೇಸಿಗೆಯಲ್ಲಿ ಹನುಮಪ್ಪನ ಗುಡಿಯ ಮುಂದಿನ ಹೊಂಡ ತುಂಬಿಸಿ ಆಡುವ ಓಕುಳಿಯೇ ಬೇರೆ. ಫಾಲ್ಗುಣ ಹುಣ್ಣಿಮೆಯದನ್ನೇ ಹೇಳಬೇಕಾದರೆ ‘ಕಾಮನ ಓಕುಳಿ’ ಎಂದು ಬರೆಯಿರಿ. ಕಾಮಣ್ಣನನ್ನು ಸುಟ್ಟು, ಬಾಯಿ ಬಡಿದುಕೊಂಡು ಅತ್ತು, ಮರುದಿನ ಆಡುವ ಓಕುಳಿ ಅದು. ಸುಟ್ಟ ಮೇಲೂ ಮೈಯಿಲ್ಲದೆ ಉಳಿದನೆಂದೇ ಅವನಿಗೆ ‘ಅನಂಗ’ ಎಂಬ ಹೆಸರು.